ದಬ್ಬಣ

ಡೋಣಿ ಅಂತ ಹೆಸರು, ಡೋಣಿ ಓಡೂದಿಲ್ಲ ಅದರಾಗ.
ತಾಳಿಕೋಟಿ ಹತ್ತರ ಅದರ ನೀರು ಬಾಯಿಗಿಟ್ರ ಉಪ್ಪು.
ಭರ್ತಿ ಮಾಡ್ಕೊಳ್ಳೋ ಸಾಹೇಬ ಮುಂಬೈದಾಗ ಕೇಳಿಸಿದನಂತ:
ಸಮುದ್ರ ನೋಡೀಯೇನು?
ರುಚಿ ನೋಡೇನ್ರಿ, ಅಂದ
ನಮ್ಮ ದೊಡ್ಡಪ್ಪ ಬಂದಗೀಸಾಬ.

ಕೈಯಾಗ ಏನು ಕಸುಬು?
ಅರಳಿ ಹಿಂಜೂದು, ಗಾದಿ ಹೊಲಿಯೂದು.
ಸಾಹೇಬ ನಗಲಿಲ್ಲ. ಅವಗ ಬೇಕಾಗಿದ್ದೂ ಅದ.

ಹಡಗು ಏನು ಭಾಳ ದೊಡ್ಡದಲ್ಲ.
ಗೋದಿ ಹೊರಾಕಂತ ಕಟ್ಟಾಕ ಹತ್ತಿದ್ದು,
ಯುದ್ಧದ ಗಡಿಬಿಡ್ಯಾಗ ನಡುವ ಮನಸು ಬದಲಿಸಿ
ಮ್ಯಾಲೊಂದು ಮಾಳಿಗಿ ಹಾಕಿಬಿಟ್ಟಾರ.
ನಮ್ಮ ಮನಿ ಮಾಳಿಗಿ ಹಂಗ, ಸುತ್ತ ಗ್ವಾಡಿಲ್ಲ,
ನಿದ್ದಿಗಣ್ಣಾಗ ಹೊಳ್ಳಿದ್ರ ಕೆಳಗ.
ಅದರ ಮ್ಯಾಲೆ ಇಮಾನ ಇಳೀತಿದ್ದುವು.
ವಿಮಾನಕ್ಕ ಅವ ಇಮಾನ ಅನ್ನಾವ.
ಸಾಲಿ ಕಲಿತ ನಾನು ತಿದ್ದಿದ್ರ
ಎರಡೂ ಬೇಕವ್ವಾ ಅದಕ್ಕ, ಅಂತಿದ್ದ.

ಇಳಿದದ್ದರ ರೆಕ್ಕಿ ಮಡಚಿ
ಹಗೇವಿಗೆ ಜ್ವಾಳ ಇಳಿಸಿದಂಗ ಹೊಟ್ಟಿಯೊಳಗ ಇಳಿಸೋರು.
ಅಲ್ಲಿ, ಎಣ್ಣಿ ವಾಸನ್ಯಾಗ, ದೊಡ್ಡಪ್ಪನ ಅಂಗಡಿ.

ರೆಕ್ಕಿ ಬಟ್ಟೀದು.
ಇದನ್ನ ಊರಾಗ ಯಾರೂ ನಂಬಲಿಲ್ಲ.
ಕಬ್ಬಿಣ ಹಾರತದ ಅಂದ್ರ ಹೂಂ ಅನ್ನೋರು,
ಬಟ್ಟಿ ಹಾರತದ ಅಂದ್ರ ಚಾ ತರಿಸೋರು, ಇನ್ನೊಂದು ಹೇಳು ಅಂತ.
ಹರಿದಲ್ಲೆ ತ್ಯಾಪಿ. ಇಂಚಿಗೆ ಎಂಟು ಹೊಲಿಗಿ,
ಆರಿಂಚಿಗೊಂದು ಗಂಟು,
ಮ್ಯಾಲೆ ತಲಿ ತಿರುಗೋ ವಾಸನೀ ಬಣ್ಣ.
ಒಣಗಿದ ಮ್ಯಾಲೆ ಮೊಹರಮಿನ ಹಲಗಿ ಕಾಸಿದಂಗ ಬಿಗೀತಿತ್ತು.

ಆ ಹಡಗಿನ ಕೆಲಸ ಗೆಲ್ಲೂದಲ್ಲ, ಕಾಯೂದು.
ಸುತ್ತ ಮೂವತ್ತು ನಲವತ್ತು ಸರಕಿನ ಹಡಗು,
ಮೇಯಕೊಂತ ಹೋಗೋ ಕುರಿ ಹಂಗ ನಿಧಾನ.
ನೀರಿನಡಿ ಎಲ್ಲೋ ತ್ವಾಳ.
ಇಮಾನ ಎದ್ದು, ಸುತ್ತು ಹೊಡದು,
ಏನೂ ಕಾಣಲಿಲ್ಲ ಅಂತ ಹೊಳ್ಳಿ ಬರೂದು.
ಏನೂ ಕಾಣದ ದಿನಾನ ಚಲೋ ದಿನ.
ಅಂಥಾವ ಭಾಳ ಇದ್ದುವು, ಹೇಳಾಕ ಕತಿ ಇಲ್ಲ ಅವಕ್ಕ.

ಮಾಳಿಗಿ ಮ್ಯಾಲೆ ಅಡ್ಡ ತಂತಿ,
ಇಳಿಯೋದರ ಬಾಲದ ಕೊಕ್ಕಿ ಅದಕ್ಕ ಸಿಗಬೇಕು.
ಸಿಕ್ಕಾಗ, ಕೆಳಗ ಕುಂತವಗ,
ಹಿಂಜೋ ಬಿಲ್ಲು ಮಿಡದ ಸದ್ದು: ಢಂಯ್.
ಎಷ್ಟು ಹೋದವು, ಎಷ್ಟು ಢಂಯ್,
ಸೂಜಿ ನಿಲ್ಲಿಸದನ ಎಣಸತಿದ್ದ.

ಒಬ್ಬಾವ ಇದ್ದ, ಇಪ್ಪತ್ತರ ಹುಡುಗ,
ಮೂಗಿನ ತುಂಬ ಕೆಂಪು ಚುಕ್ಕಿ.
ಏರೂಕಿಂತ ಮುಂಚೆ ತ್ಯಾಪಿ ಮ್ಯಾಲೆ
ಬೆರಳ ಗಂಟಿಲೆ ಎರಡು ಸಲ ಬಡಿಯಾವ,
ಯಾರದೋ ಮನಿ ಬಾಗಲಾ ಬಡದಂಗ.
ಕಿವಿ ಕೊಡಾವ. ನಗಾವ.

ಅದೊಂದು ಸಂಜಿ ಐದು ಹೋದವು.
ನಾಕು ಢಂಯ್.
ದೀಪ ಹಚ್ಚೂವಂಗಿರಲಿಲ್ಲ, ತ್ವಾಳ ನೋಡೀತು.
ಎಣ್ಣಿ ತೀರಿತೋ, ಮೋಡ ದಾರಿ ತಪ್ಪಿಸಿತೋ,
ಗಾದಿ ಹೊಲಿಯಾವಗ ಯಾರು ಹೇಳತಾರ?
ಅವಗ ಗೊತ್ತಿದ್ದದ್ದು ಇಷ್ಟ:
ಮುಂಜಾನೆ ಎಡ ರೆಕ್ಕಿಗೆ ಒಂಬತ್ತಿಂಚಿನ ತ್ಯಾಪಿ,
ಕಡೀ ಗಂಟಿನ ಹತ್ತರ ಹಡಗು ಹೊಯ್ದಾಡಿ
ಹೊಲಿಗಿ ಏಳಾತೋ ಎಂಟಾತೋ.

ಅವನ ಕೈಕೆಳಗ ದಬ್ಬಣ ಹಿಡಿಯೂದು ಕಲತಾಕಿ ನಾನು.
ಮದಿವಿ ಗಾದಿ, ಬಾಣಂತಿ ಗಾದಿ, ಮುಸಾಫಿರಖಾನೆದ್ದು,
ಮುಗದ ಕೂಡಲೆ ಬೆರಳ ಗಂಟಿಲೆ ಎರಡು ಸಲ ಬಡದು
ಕಿವಿ ಕೊಡತಿದ್ದ.
ನಗತಿರಲಿಲ್ಲ.
ಏಳು ಹೊಲಿಗಿ ಕಂಡ್ರ ಸಾಲಿಗೆ ಸಾಲ ಬಿಚ್ಚಸಾವ.
ಕಟ್ಟಿ ಮ್ಯಾಲೆ ಕುಂತ ಗಿರಾಕಿ ಒದರೋರು:
ಗಾದಿ ಅದನೋ ಮಾರಾಯ, ಹಾರತದೇನು!

ದಾರದ ತುದಿ ತುಟಿಗೆ ಹಚ್ಚಿ, ಸೂಜಿಗಣ್ಣಿಗೆ ಪೋಣಿಸಿ,
ಭಾಳ ಹೊತ್ತಾದ ಮ್ಯಾಲೆ ಅನ್ನತಿದ್ದ:
ಮಲಗಿದಾವ ರಾತ್ರಿ ಎಲ್ಲೆಲ್ಲಿ ಹೋಗತಾನ,
ನಿನಗೇನು ಗೊತ್ತು.
ಬಿಚ್ಚವ್ವಾ.

ನನ್ನ ಬಲ ಹೆಬ್ಬಟ್ಟಿನ ದಡ್ಡು
ಇನ್ನೂ ಹೋಗಿಲ್ಲ.